ಓಡಾಯ್ ಹೊಡೆದದ್ದು ಯಾರನ್ನು?

ಓಡಾಯ್ ಎಂದರೆ ನನಗೆ ಇಂದಿಗೂ ಆಗುವುದಿಲ್ಲ. ನನ್ನ ಗಂಡ ಅಡೊಟೆಯ ಎಡಗಣ್ಣು ತೆಗೆದವನು ಅವನೇ. ಕಡಲ ದಡದ ನಮ್ಮ ಇದೇ ಬುಕೊಮ್ ಕೇರಿಯ ಬಾಕ್ಸಿಂಗ್ ಅಂಗಳದಲ್ಲಿ ಇಬ್ಬರೂ ಹತ್ತು ರೌಂಡ್ ಹೊಡೆದಾಡಿದರು. ಗೆದ್ದ ಓಡಾಯ್ ಮುಂದೆ ಹೊರದೇಶಕ್ಕೆ ಹೋಗಿ ಚಾಂಪಿಯನ್ ಆಗಿ ಬಂದ. ನನ್ನವನು ಉಳಿದೊಂದು ಕಣ್ಣಿನಲ್ಲಿ ಬಲೆ ಹೆಣೆಯಲು ಕುಳಿತ. ಅಂದಿನಿಂದ ಓಡಾಯ್ ಮನೆಯವರು ಯಾರೇ ಬರಲಿ, ನನ್ನ ಅಂಗಡಿಯಲ್ಲಿ ಕೆಂಕಿ ಮುಗಿದಿದೆ ಎಂದೇ ಹೇಳುತ್ತಿದ್ದೆ. ಹುಳಿಹಿಟ್ಟಿನ ಮೆಕ್ಕೆಜೋಳದ ಬಿಸಿ ಬಿಸಿ ಉಂಡೆಗಳು ಹಂಡೆಯಲ್ಲಿ ಹಬೆಯಾಡುತ್ತಿದ್ದರೂ ಅದೇ ಮಾತು.

ಅಡೊಟೆಗೆ ಮಾತ್ರ ಅವನ ಮೇಲೆ ಚೂರೂ ಸಿಟ್ಟಿರಲಿಲ್ಲ. ಆ ಸೋಲೇ ಅವನ ಆಸ್ತಿ. ಕೇರಿಯಲ್ಲಿ ಎಲ್ಲರಿಗೂ ಅವನು 'ಹತ್ತು ರೌಂಡ್ ಅಜ್ಜ'.

"ಓಡಾಯ್ ಮುಂದೆ ಮೂರು ರೌಂಡ್ ನಿಂತೋರಿಲ್ಲ. ನಾನು ಹತ್ತೂ ನಿಂತೆ ಕಣ್ರೋ!"

ದಿನಕ್ಕೊಮ್ಮೆ ಇದನ್ನು ಯಾರಿಗಾದರೂ ಹೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಮಂಗಳವಾರ ಕಡಲದೇವರ ದಿನ, ನಮ್ಮ ಮೀನುಗಾರರು ಕಡಲಿಗೆ ಇಳಿಯುವಂತಿಲ್ಲ. ಅಂಥ ಒಂದು ಮಂಗಳವಾರ ಊರಿಗೆ ಊರೇ ದಡದಲ್ಲಿ ಬಲೆ ಹರಡಿಕೊಂಡು ರೇಡಿಯೊ ಕೇಳುತ್ತಿತ್ತು. ಅದರಲ್ಲಿ ಮಾತಾಡುತ್ತಿದ್ದವನು ಸೋವಾ. ಜನ್ಮದಲ್ಲಿ ಕೈಗೆ ಗ್ಲೌಸ್ ಹಾಕದವನು, ಬಾಕ್ಸಿಂಗ್ ಬಗ್ಗೆ ದಿನಾ ತೀರ್ಪು ಕೊಡುತ್ತಾನೆ.

"ಓಡಾಯ್ ಎಂಥಾ ಚಾಂಪಿಯನ್ರೀ? ಆಗ ಅವನೆದುರು ಇದ್ದೋರಾದ್ರೂ ಯಾರು? ಮೀನು ಬುಟ್ಟಿ ಹೊರೋರು, ಹಸಿದ ಹೊಟ್ಟೆಯೋರು! ಈಗಿನ ಹುಡುಗರಾಗಿದ್ರೆ ಅವನನ್ನ ಒಂದೇ ರೌಂಡಲ್ಲಿ ಮಲಗಿಸ್ತಿದ್ರು."

ದಡವೆಲ್ಲ ಹೋ ಎಂದು ನಕ್ಕಿತು. ಅಡೊಟೆ ಬಲೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಮನೆಗೆ ಬಂದ. ಮರುದಿನ ಯಾರೋ 'ಹತ್ತು ರೌಂಡ್ ಅಜ್ಜ' ಎಂದಾಗ, "ಹಾಗೆ ಕರೀಬೇಡ್ರಪ್ಪ" ಎಂದ. ಆಮೇಲೆ ಆ ಕತೆ ಅವನ ಬಾಯಿಂದ ಬರಲೇ ಇಲ್ಲ. ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ.

ನನಗೆ ಮೈಯೆಲ್ಲ ಉರಿದುಹೋಯಿತು. ಸೋವಾ ಬಾಕ್ಸಿಂಗ್ ಅಂಗಳಕ್ಕೆ ಬಂದಿದ್ದಾನೆಂದು ಕೇಳಿದ್ದೇ ತಡ, ಕೈಯಲ್ಲಿದ್ದ ಮೆಣಸಿನ ಚಟ್ನಿ ಬಟ್ಟಲಿನ ಸಮೇತ ಹೋಗಿ ಎದುರು ನಿಂತೆ.

"ಏನೋ, ಬಾಯಿಗೆ ಬಂದಂಗೆ ಒದರ್ತೀಯಂತೆ?"

"ಅಯ್ಯೋ ಅವ್ವ, ನಾನಂದಿದ್ದು ಓಡಾಯ್‌ಗೆ ತಾನೆ? ನೀವೇ ದಿನಾ ಅವನಿಗೆ ಶಾಪ ಹಾಕ್ತೀರಲ್ಲ!"

"ಹಾಕ್ತೀನಿ! ಬೈಯೋ ಹಕ್ಕು ನಂದು, ನಿಂದಲ್ಲ. ಅವನು ಏನೂ ಅಲ್ಲದೋನಾದ್ರೆ ನನ್ನ ಗಂಡನ ಕಣ್ಣು ತೆಗೆದೋರು ಯಾರೋ? ನಿಮ್ಮಪ್ಪನಾ?"

ಅವನು ಹಲ್ಲುಕಿರಿದ. "ಆ ಫೈಟು ಯಾರ ಲೆಕ್ಕದಲ್ಲೂ ಇಲ್ಲ, ಬಿಡಿ ಅವ್ವ."

ಚಟ್ನಿಯನ್ನೆಲ್ಲ ಅವನ ಬಿಳಿ ಅಂಗಿಗೆ ಎರಚಿ ಬಂದೆ. ಇನ್ನೊಂದು ಬಟ್ಟಲು ಇರಲಿಲ್ಲವಲ್ಲ ಎಂಬುದೊಂದೇ ಬೇಸರ.

ಆದರೆ ಅದರಿಂದ ನನ್ನವನು ಬಾಯಿಬಿಡಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಕೆಂಕಿಯನ್ನೂ ಹುರಿದ ಮೀನನ್ನೂ ಕಟ್ಟಿಕೊಂಡು ಅವನ ಕೈ ಹಿಡಿದು ಎಳೆದೆ.

"ಎಲ್ಲಿಗೆ?"

"ಓಡಾಯ್ ಮನೆಗೆ. ನೀನು ಹತ್ತೂ ರೌಂಡ್ ನಿಂತಿದ್ದನ್ನ ಅವನ ಬಾಯಿಂದಲೇ ಹೇಳಿಸ್ತೀನಿ. ಬಾಯಿ ಮುಚ್ಕೊಂಡು ಬಾ."

ಓಡಾಯ್ ಅಂಗಳದಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ. ಎಷ್ಟು ಸೊರಗಿದ್ದನೆಂದರೆ, ಇವನನ್ನೇ ನಾನು ಇಷ್ಟು ವರ್ಷ ಶಪಿಸಿದ್ದು ಎಂದು ನಂಬಲಾಗಲಿಲ್ಲ. ಅವನ ಮಗಳು ಡೆಡೆ ಗಂಟು ಇಸಿದುಕೊಳ್ಳುತ್ತಾ ಅಳುಮುಖ ಮಾಡಿದಳು.

"ಅಪ್ಪಂಗೆ ಏನೂ ನೆನಪಿಲ್ಲ ಅತ್ತೆ. ಚಾಂಪಿಯನ್ ಆಗಿದ್ದೂ ಗೊತ್ತಿಲ್ಲ. ನನ್ನನ್ನೇ ಯಾರಮ್ಮ ನೀನು ಅಂತಾರೆ."

ಓಡಾಯ್ ನನ್ನನ್ನು ನೋಡಿದ. ಗುರುತು ಹತ್ತಲಿಲ್ಲ. ಅಡೊಟೆ ಅವನ ಕೈ ಹಿಡಿಯಲೆಂದು ಮುಂದೆ ಹೋಗಿ ತೋಳು ಚಾಚಿದ.

ಓಡಾಯ್ ಕುರ್ಚಿ ಬಿಟ್ಟು ದಡಕ್ಕನೆ ಎದ್ದ. ಗದ್ದ ಎದೆಗೆ ಇಳಿಯಿತು, ಎರಡೂ ಮುಷ್ಟಿ ಮುಖದ ಮುಂದೆ ಬಂದವು. ಒಂದು ಹೆಜ್ಜೆ ಹಿಂದೆ ಸರಿದು ನಿಂತ.

"ಅಯ್ಯೋ, ಅಪ್ಪ ಯಾರ ಮುಂದೇನೂ ಹೀಗೆ ಮಾಡಿಲ್ಲ!" ಎಂದಳು ಡೆಡೆ.

ಅಡೊಟೆ, "ಇಳಿಸೋ ಕೈನ, ಮಾರಾಯ. ಗಂಟೆ ಹೊಡೆದಾಯ್ತು" ಎಂದ.

ಓಡಾಯ್ ಕೈ ಇಳಿಸಲಿಲ್ಲ. ಅಡೊಟೆ ಅಂಗಳದ ಬಾಗಿಲವರೆಗೆ ಹಿಂದೆ ಸರಿದು ನಿಂತ ಮೇಲೆಯೇ ಇಳಿಸಿದ.