ಕೊನೆಯ ಬೆಂಚಿನಲ್ಲಿ ಎತ್ತಿದ ಕೈ

ನಮ್ಮ ಎದುರಿನ ಹಳೆಯ ಹೆಂಚಿನ ಮನೆಯನ್ನು ಮೊನ್ನೆ ಕೆಡವಿದರು. ನಾನು ಗೇಟಿನ ಬಳಿ ಹಾಲು ತೆಗೆದುಕೊಳ್ಳುತ್ತಿದ್ದೆ. ಗಾಳಿಯಲ್ಲಿ ಆ ವಾಸನೆ ಬಂತು. ಗೆದ್ದಲು ತಿಂದ ಮರ, ಒಣ ಮಣ್ಣು, ಹಳೆಯ ಸುಣ್ಣ... ಗೇಟಿನ ಸರಳು ಹಿಡಿದು ನಿಂತೆ. ಹಾಲಿನವನು, "ಏನಾಯ್ತಮ್ಮ, ಬಿಪಿ ಏನಾದ್ರೂ ಐತಾ?" ಎಂದು ಕೇಳಿದ. ಬಿಪಿ ಅಲ್ಲ ಎಂದು ಅವನಿಗೆ ಹೇಗೆ ಹೇಳಲಿ? ನನ್ನ ಕಣ್ಣ ಮುಂದೆ ಒಂದು ತರಗತಿ ಇತ್ತು, ಅದರ ಕೊನೆಯ ಬೆಂಚಿನಲ್ಲಿ ನಮ್ಮ ಮೇಡಂ ಕೂತಿದ್ದರು.

ತೊಂಬತ್ತರ ದಶಕದ ಆರಂಭ. ನಾನು ಬಿ.ಇಡಿ. ಓದುತ್ತಿದ್ದೆ. ಸಮಾಜ ವಿಜ್ಞಾನ ಬೋಧಿಸುವುದು ಹೇಗೆಂದು ನಮಗೆ ಕಲಿಸುತ್ತಿದ್ದವರು ಈ ಮೇಡಂ. ಗೌರಿಬಿದನೂರಿನ ಆಚೆ, ನಗರಗೆರೆ ಕಡೆಯವರು. ಮಾತಿನ ಮಧ್ಯೆ ತೆಲುಗು ತಾನಾಗಿಯೇ ನುಸುಳುತ್ತಿತ್ತು. ಶಾಲೆಗೆ ಹೋಗಿ ಪಾಠ ಮಾಡುವ ಮೊದಲು ನಾವು ನಮ್ಮನಮ್ಮಲ್ಲೇ ಪಾಠ ಮಾಡಿ ಅಭ್ಯಾಸ ಮಾಡಬೇಕಿತ್ತು. ಒಬ್ಬರು ಟೀಚರ್, ಉಳಿದವರು ಮಕ್ಕಳು. ಆ ಆಟದಲ್ಲಿ ಅತ್ಯಂತ ತರಲೆ ಹುಡುಗಿ ಮೇಡಂ ಅವರೇ ಆಗಿರುತ್ತಿದ್ದರು. "ಮಿಸ್, ಇವಳು ಚಿವುಟ್ತಾಳೆ ಮಿಸ್" ಎನ್ನುವರು. "ಮಿಸ್, ಅಕ್ಬರ್‌ಗೆ ಎಷ್ಟು ಆನೆ ಇತ್ತು ಮಿಸ್?" ಎಂದು ಪಾಠಕ್ಕೆ ಸಂಬಂಧವೇ ಇಲ್ಲದ್ದನ್ನು ಕೇಳುವರು. ಅಂಥ ಮಗುವನ್ನು ಗದರಬಾರದು, ಪ್ರಶ್ನೆಯನ್ನು ಮೆಚ್ಚಿ, ಪಾಠ ಮುಗಿದ ಮೇಲೆ ನೋಡೋಣ ಎಂದು ಕೂರಿಸಬೇಕು. ಇದನ್ನು ನಮ್ಮ ಬಾಯಿಗೆ ಬರುವವರೆಗೆ ಅಭ್ಯಾಸ ಮಾಡಿಸಿದರು.

ನಿಜವಾದ ಶಾಲೆಗೆ ಹೋದಾಗ ಮಾತ್ರ ಅವರು ಬೇರೆಯೇ ಮನುಷ್ಯರು. ಕೊನೆಯ ಬೆಂಚಿನಲ್ಲಿ ಕೂತು ನೋಡುತ್ತಿದ್ದರು. ಗಂಟೆ ಹೊಡೆಯುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ. "ಕ್ಲಾಸಿಗೆ ಟೀಚರ್ ಒಬ್ಬರೇ ಕಣ್ರಮ್ಮ. ನಾನು ಬಾಯಿ ಹಾಕಿದ್ರೆ ಆ ಮಕ್ಕಳು ನಾಳೆಯಿಂದ ನಿಮ್ಮ ಮಾತು ಕೇಳಲ್ಲ" ಎನ್ನುತ್ತಿದ್ದರು. ನಮ್ಮ ಜೊತೆಯ ಒಬ್ಬ ಹುಡುಗ ಬೋರ್ಡಿನ ಮೇಲೆ ಕೋಲಾರವನ್ನು ಬೆಂಗಳೂರಿನ ಪಶ್ಚಿಮಕ್ಕೆ ಬರೆದಾಗಲೂ ಅವರು ಹಲ್ಲು ಕಚ್ಚಿ ಕೂತಿದ್ದರು. ಮರುದಿನ ಅವನೇ ಮಕ್ಕಳ ಮುಂದೆ ಅದನ್ನು ತಿದ್ದಿದ.

ಆ ದಿನ ಪಾಠ ನನ್ನದಲ್ಲ, ನನ್ನ ಗೆಳತಿಯದು. ಶಿಡ್ಲಘಟ್ಟದವಳು. ಮನೆಮಾತು ಉರ್ದು, ಅಪ್ಪನದು ರೇಷ್ಮೆ ನೂಲು ಬಿಚ್ಚುವ ಕೆಲಸ. ಆ ಮನೆಯಲ್ಲಿ ಅಷ್ಟು ಓದಿದ ಮೊದಲ ಹುಡುಗಿ ಅವಳು. ಶಾಲೆ ಇದ್ದದ್ದು ಚಿಂತಾಮಣಿಯಿಂದ ಆಚೆಯ ಒಂದು ಊರಿನಲ್ಲಿ. ನಾಲ್ಕು ದಿನ ಮಳೆ ಹಿಡಿದು ಅಂದು ಬಿಸಿಲು ಬಿದ್ದಿತ್ತು. ಎಂಟನೇ ತರಗತಿ, ಐವತ್ತರ ಹತ್ತಿರ ಮಕ್ಕಳು, ಹಳೆಯ ಹೆಂಚಿನ ಕೋಣೆ. ಬಾಗಿಲು ಒಂದೇ, ಬೋರ್ಡಿನ ಪಕ್ಕದಲ್ಲಿ. ಅದೂ ಕಿರಿದು, ಎತ್ತರದ ಹೊಸ್ತಿಲು. ಸಹಪಾಠಿಯ ಪಾಠ ನೋಡಿ ಟಿಪ್ಪಣಿ ಬರೆಯುವ ಸರದಿ ನನ್ನದಾಗಿದ್ದರಿಂದ ನಾನು ಮೇಡಂ ಪಕ್ಕದಲ್ಲಿ ಕೂತಿದ್ದೆ.

ಪಾಠ ನಕ್ಷೆ ಮತ್ತು ದಿಕ್ಕುಗಳದ್ದು. ಗೆಳತಿ ಚೆನ್ನಾಗಿ ಶುರು ಮಾಡಿದಳು. ಮೇಡಂ ಬರೆಯುತ್ತಿದ್ದ ಪುಟದ ಮೇಲೆ ಚಿಟಿಕೆಯಷ್ಟು ಮಣ್ಣು ಉದುರಿತು. ಅವರು ಅದನ್ನು ಒರೆಸಿದರು. ಮತ್ತೆ ಉದುರಿತು. ತಲೆ ಎತ್ತಿ ನೋಡಿದರು, ನಾನೂ ನೋಡಿದೆ. ನಮ್ಮ ತಲೆಯ ಮೇಲಿನ ತೊಲೆಯ ತುದಿ ಗೋಡೆಯಿಂದ ಹೊರಗೆ ಜಾರಿತ್ತು. ಅದು ಕೂತಿದ್ದ ಜಾಗದಲ್ಲಿ ಒದ್ದೆ ಮಣ್ಣಿನ ಕಪ್ಪು ಗುಳಿ. ಸಣ್ಣಗೆ ಕಿರ್ ಎಂದಿತು... ಆ ಸದ್ದು ಈಗಲೂ ಕೆಲವೊಮ್ಮೆ ಯಾವುದೋ ಬಾಗಿಲಿನಲ್ಲಿ ಕೇಳುತ್ತದೆ, ನಾನು ನಿಂತಲ್ಲೇ ನಿಲ್ಲುತ್ತೇನೆ. ಅಂದು ಎದ್ದು ಕೂಗಬೇಕೆಂದಿದ್ದೆ. ಮೇಡಂ ನನ್ನ ತೊಡೆಯನ್ನು ಒತ್ತಿ ಹಿಡಿದರು. ಕೂಗಿದ್ದರೆ ಐವತ್ತು ಮಕ್ಕಳೂ ಆ ಒಂದೇ ಬಾಗಿಲಿಗೆ ನುಗ್ಗುತ್ತಿದ್ದರು.

ಆಮೇಲೆ ಬಲಗೈ ಎತ್ತಿದರು. ಮಕ್ಕಳು ಎತ್ತುವ ಹಾಗೆ, ನೇರವಾಗಿ.

"ಮಿಸ್."

ಮಕ್ಕಳೆಲ್ಲ ಹಿಂದೆ ತಿರುಗಿ ಕಿಸಕ್ಕೆಂದು ನಕ್ಕರು. ಗೆಳತಿಯ ಮುಖ ಕೆಂಪಾಯಿತು. "ಹೇಳಿ... ಹೇಳು" ಎಂದಳು.

"ಬೋರ್ಡಲ್ಲಿ ಬಲಗಡೆ ಪೂರ್ವ ಅಂದ್ರಿ. ನಿಜವಾದ ಪೂರ್ವ ಯಾವ ಕಡೆ ಐತೆ ಮಿಸ್? ಹೊರಗೆ ಹೋಗಿ ನೋಡಣ್ವಾ?"

ಇದು ಪರೀಕ್ಷೆ ಎಂದುಕೊಂಡಳು ಅವಳು. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ನಮಗೆ ಕಲಿಸಿದ್ದ ನಗುವನ್ನೇ ಮುಖಕ್ಕೆ ತಂದುಕೊಂಡು, "ತುಂಬಾ ಒಳ್ಳೇ ಪ್ರಶ್ನೆ. ಪಾಠ ಮುಗಿದ ಮೇಲೆ ನೋಡೋಣ, ಕೂತ್ಕೋ" ಎಂದು ಬೋರ್ಡಿನ ಕಡೆ ತಿರುಗಿದಳು.

ಮೇಡಂ ಕೂರಲಿಲ್ಲ. ಎದ್ದು ನಿಂತರು. ಎತ್ತಿದ ಕೈ ಇಳಿಸಲಿಲ್ಲ. "ಈಗ್ಲೇ ಮಿಸ್. ಆಮೇಲೆ ಮೋಡ ಬಂದ್ಬಿಡ್ತದೆ." ದನಿ ಇನ್ನೂ ತರಲೆ ಹುಡುಗಿಯದೇ. ಗೆಳತಿ ಗೊಂದಲದಿಂದ ನನ್ನ ಕಡೆ ನೋಡಿದಳು. ನಾನು ಕಣ್ಣನ್ನು ಮೇಲಕ್ಕೆ ಎತ್ತಿದೆ. ಅವಳೂ ಮೇಲೆ ನೋಡಿದಳು. ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

ಮುಂದಿನದನ್ನು ಅವಳು ಹೇಗೆ ಮಾಡಿದಳೋ ನನಗೆ ಇಂದಿಗೂ ಗೊತ್ತಿಲ್ಲ. ದನಿ ಒಂದಿಷ್ಟೂ ಏರಲಿಲ್ಲ. "ಸರಿ, ಹೋಗಿ ನೋಡೋಣ. ಮುಂದಿನ ಬೆಂಚು ಮೊದಲು, ಒಬ್ಬರ ಹಿಂದೆ ಒಬ್ಬರು. ಯಾರಾದ್ರೂ ಓಡಿದ್ರೆ ಎಲ್ಲರಿಗೂ ಆಟ ಕ್ಯಾನ್ಸಲ್." ಹೊಸ್ತಿಲ ಬಳಿ ನಿಂತು ಒಬ್ಬೊಬ್ಬರ ಭುಜ ಮುಟ್ಟಿ ದಾಟಿಸಿದಳು. ಮಕ್ಕಳು ಸಂಭ್ರಮದಿಂದ, ಪಿಸುಗುಡುತ್ತಾ ನಡೆದರು. ಹಿಂದಿನ ಬೆಂಚಿನವರಾದ ನಾವು ಕೊನೆಗೆ. ಅಷ್ಟು ನಿಧಾನವಾಗಿ ನಾನು ಜನ್ಮದಲ್ಲಿ ನಡೆದಿಲ್ಲ. ಒಬ್ಬಳು ಹುಡುಗಿ ಅರ್ಧ ದಾರಿಯಲ್ಲಿ, "ನನ್ನ ಡಬ್ಬಿ" ಎಂದು ಹಿಂದಿರುಗಿದಳು. ಮೇಡಂ ಅವಳ ಎರಡೂ ಭುಜ ಹಿಡಿದು, "ನಾನು ತರ್ತೀನಿ ನಡಿಯಮ್ಮ" ಎಂದು ಬಾಗಿಲ ಕಡೆ ತಳ್ಳಿದರು. ನಾನು ಹೊಸ್ತಿಲು ದಾಟಿದೆ. ಬೆನ್ನ ಹಿಂದೆ ಇಡೀ ಆಕಾಶ ಕುಸಿದ ಸದ್ದು.

ಧೂಳಿನೊಳಗಿಂದ ಮೇಡಂ ಹೊರಗೆ ಬಂದರು. ತಲೆ, ಸೀರೆ ಎಲ್ಲ ಮಣ್ಣಿನ ಬಣ್ಣ. ಎಡಭುಜಕ್ಕೆ ಹೆಂಚು ಬಡಿದು ರಕ್ತ ಇಳಿಯುತ್ತಿತ್ತು. ಮುಖ್ಯೋಪಾಧ್ಯಾಯರು ಓಡಿ ಬಂದು ಏನೇನೋ ಕೇಳಿದರು. ಮೇಡಂ ಗೆಳತಿಯ ಕಡೆ ತೋರಿಸಿ, "ಇವರೇ ಸಾರ್ ಮಕ್ಕಳನ್ನ ಹೊರಗೆ ಕರ್ಕೊಂಡು ಬಂದಿದ್ದು" ಎಂದರು, ಅಷ್ಟೇ.

ಆದರೆ ಬಸ್ಸಿನಲ್ಲಿ ಅವಳು ನನ್ನ ಕೈ ಹಿಡಿದು ಅತ್ತಳು. "ನಾನು ಕೂತ್ಕೋ ಅಂದೆ ಕಣೇ. ಅವರು ಕೈ ಎತ್ತಿದ್ರು, ನಾನು ಕೂತ್ಕೋ ಅಂದೆ. ಇನ್ನು ನಾನು ಕ್ಲಾಸಿಗೆ ಹೋಗಲ್ಲ." ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಭ್ಯಾಸ ಪಾಠಗಳು ಪೂರ್ತಿಯಾಗದಿದ್ದರೆ ಅವಳ ವರ್ಷವೂ ಹೋಗುತ್ತಿತ್ತು, ಟೀಚರ್ ಆಗುವ ಆಸೆಯೂ.

ಮೂರನೆಯ ದಿನ ಮೇಡಂ ಭುಜಕ್ಕೆ ಪಟ್ಟಿ ಕಟ್ಟಿಕೊಂಡು ನನ್ನನ್ನು ಕರೆದುಕೊಂಡು ಶಿಡ್ಲಘಟ್ಟಕ್ಕೆ ಹೋದರು. ಬೇಯುವ ರೇಷ್ಮೆಗೂಡಿನ ವಾಸನೆ ಬೀದಿಯ ತುದಿಗೇ ಹೊಡೆಯುತ್ತಿತ್ತು. ಗೆಳತಿಯ ಅಪ್ಪ ಕೈ ಒರೆಸಿಕೊಂಡು ಬಂದು, "ಹುಡುಗಿ ಹೆದರಿಬಿಟ್ಟಿದಾಳೆ ಮೇಡಂ. ಬಲವಂತ ಬೇಡ, ಮನೇಲೇ ಇರ್ಲಿ" ಎಂದರು.

"ಬಲವಂತಕ್ಕೆ ಬಂದಿಲ್ಲ ಸಾಬ್ರೇ, ಚಾ ಕುಡಿಯಕ್ಕೆ ಬಂದಿದ್ದೀನಿ" ಎಂದು ಮೇಡಂ ಚಾಪೆಯ ಮೇಲೆ ಕೂತೇಬಿಟ್ಟರು. ಚಾ ಬಂತು. ಅದರ ಹಿಂದೆ ಗೆಳತಿಯೂ ಬಂದಳು, ತಲೆ ತಗ್ಗಿಸಿ.

"ಏಮಮ್ಮಾ, ಪಾಠ ಅರ್ಧಕ್ಕೆ ಬಿಟ್ಟು ಬಂದ್ಬಿಟ್ಟಿದ್ದೀಯ. ಆ ಮಕ್ಕಳು ಇನ್ನೂ ಪೂರ್ವದಲ್ಲೇ ನಿಂತವ್ರೆ. ಮಿಕ್ಕ ಮೂರು ದಿಕ್ಕು ಯಾರು ತೋರಿಸ್ತಾರೆ?"

ಅವಳು ನಗಲಿಲ್ಲ. "ನಾನು ಕೂತ್ಕೋ ಅಂದೆ ಮೇಡಂ."

"ಹಂಗನ್ನಬೇಕು ಅಂತ ಹೇಳ್ಕೊಟ್ಟೋಳು ಯಾರು? ನಾನೇ ಅಲ್ವಾ? ನೀನು ಕಲಿತಿದ್ದನ್ನ ಮಾಡ್ದೆ. ಕಲಿಸಿದ್ದು ಸಾಲ್ದು ಅಂತ ನನಗೂ ಅವತ್ತೇ ಗೊತ್ತಾಗಿದ್ದು."

"ನನಗೆ ಧೈರ್ಯ ಇಲ್ಲ ಮೇಡಂ."

"ನನಗೆ ಐತಾ? ಈ ಮನೆ ಒಳಗೆ ಬರೋವಾಗ ಮೊದಲು ತೊಲೆ ನೋಡ್ದೆ. ಬೇಕಾದ್ರೆ ಇವಳನ್ನ ಕೇಳು." ನಾನು ಹೌದೆಂದು ತಲೆಯಾಡಿಸಿದೆ. ನಾನೂ ನೋಡಿದ್ದೆ. "ನೋಡ್ಕೊಂಡೇ ಒಳಗೆ ಬಂದೆ. ಹೆದರ್ಕೊಂಡೇ ಪಾಠ ಮಾಡು. ಯಾರು ಬೇಡ ಅಂದ್ರು?"

ಆಗ ಅವಳು ಸ್ವಲ್ಪ ನಕ್ಕಳು. ಅವಳ ಅಪ್ಪ ಒಳಗೆ ಹೋಗಿ ಇನ್ನೊಂದು ಲೋಟ ಚಾ ತಂದು ಮೇಡಂ ಮುಂದೆ ಇಟ್ಟರು.

ಸೋಮವಾರ ಶಾಲೆಯ ಹೊಂಗೆಮರದ ಕೆಳಗೆ ಆ ಪಾಠ ಮುಗಿಯಿತು. ಮೇಡಂ ಮಕ್ಕಳ ಸಾಲಿನ ಹಿಂದೆ ನೆಲದ ಮೇಲೆ ಕೂತಿದ್ದರು, ಎಂದಿನಂತೆ ಮಾತಿಲ್ಲದೆ. ಗೆಳತಿಯ ದನಿ ಮೊದಲು ನಡುಗುತ್ತಿತ್ತು. ದಕ್ಷಿಣಕ್ಕೆ ಬರುವಷ್ಟರಲ್ಲಿ ಸರಿಹೋಯಿತು. ಮುಂದಿನ ವರ್ಷದಿಂದ ಮೇಡಂ ತಮ್ಮ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಮೊದಲ ಕೆಲಸ ಪಾಠ ಬರೆಯುವುದಲ್ಲವಂತೆ. ಹೋಗಬೇಕಾದ ತರಗತಿಯಲ್ಲಿ ಸುಮ್ಮನೆ ನಿಂತು ಸೂರು, ಗೋಡೆ, ಬಾಗಿಲು ನೋಡಿ ಬರುವುದಂತೆ.

ನಾನು ಪರೀಕ್ಷೆ ಪಾಸು ಮಾಡಿದೆ, ಆದರೆ ಟೀಚರ್ ಆಗಲಿಲ್ಲ. ಬ್ಯಾಂಕಿನ ಕೆಲಸ ಸಿಕ್ಕಿತು, ಹೋದೆ. ಕಾಂಕ್ರೀಟಿನ ಕಟ್ಟಡ. ನನ್ನ ಭಯ ಯಾರಿಗೂ ಕಾಣಿಸಲಿಲ್ಲ, ನಾನು ತೋರಿಸಲೂ ಇಲ್ಲ. ತೋರಿಸಿದ್ದರೆ ಮೇಡಂ ನಮ್ಮ ಮನೆಗೂ ಕಾಫಿಗೆ ಬರುತ್ತಿದ್ದರೋ ಏನೋ... ಅವರು ತೀರಿಕೊಂಡ ವಿಷಯ ನನಗೆ ತಿಳಿದದ್ದು ಎಷ್ಟೋ ತಿಂಗಳ ನಂತರ, ಯಾರದೋ ಮದುವೆಯ ಊಟದ ಸಾಲಿನಲ್ಲಿ.

ಮೊನ್ನೆ ಎದುರು ಮನೆಯ ಧೂಳು ಕೂತ ಮೇಲೆ ಗೆಳತಿಗೆ ಫೋನ್ ಮಾಡಿದೆ. ಈಗ ಅವಳು ಚಿಕ್ಕಬಳ್ಳಾಪುರದ ಹತ್ತಿರ ಒಂದು ಹೈಸ್ಕೂಲಿನಲ್ಲಿದ್ದಾಳೆ, ಇನ್ನೇನು ರಿಟೈರ್ ಆಗುವವಳು. ಆ ವಾಸನೆಯ ಬಗ್ಗೆ ಹೇಳಿದೆ. "ಮಳೆಗಾಲದಲ್ಲಿ ನನಗೆ ಈಗಲೂ ಕೈ ತಣ್ಣಗಾಗುತ್ತೆ ಕಣೇ" ಎಂದಳು. "ಮೇಡಂಗೆ ಒಂದು ಸಲ ನನ್ನ ಕ್ಲಾಸು ತೋರಿಸ್ಬೇಕು ಅಂತಿದ್ದೆ. ಇವತ್ತು ನಾಳೆ ಅಂತ ಹಂಗೇ ಆಗೋಯ್ತು." ಅಷ್ಟರಲ್ಲಿ ಅಲ್ಲಿ ಗಂಟೆ ಹೊಡೆಯಿತು. "ಇರು, ಎಂಟನೇ ಕ್ಲಾಸು. ಆಮೇಲೆ ಮಾಡ್ತೀನಿ" ಎಂದವಳು ಫೋನ್ ಕಟ್ ಮಾಡುವುದನ್ನು ಮರೆತಳು.

ಹೆಜ್ಜೆಯ ಸದ್ದು ಕೇಳಿಸಿತು. ಒಂದು ಕಡೆ ಅದು ನಿಂತಿತು, ಬಾಗಿಲ ಬಳಿ ಸೂರು ನೋಡುತ್ತಿರಬೇಕು. ಆಮೇಲೆ ಬೆಂಚುಗಳು ಕಿರುಗುಟ್ಟಿದವು, ಇಡೀ ತರಗತಿ ಎದ್ದು ಒಂದೇ ಉಸಿರಿನಲ್ಲಿ "ನಮಸ್ತೇ ಮಿಸ್" ಎಂದಿತು. "ನಮಸ್ತೇ, ನಮಸ್ತೇ. ಯಾರಪ್ಪ ಇವತ್ತು ಬಂದಿಲ್ಲ?" ಎಂದು ಅವಳು ಕೇಳಿದಳು. ದನಿ ನಡುಗುತ್ತಿರಲಿಲ್ಲ. ಇದನ್ನು ಕೇಳಬೇಕಾಗಿದ್ದವರು ಇಲ್ಲ. ಪಾಠ ಶುರುವಾಯಿತು. ನಾನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.