ಹದಿನೈದು ಡಿಗ್ರಿಯ ಮೇಲಿನ ಮುಗಿಲು

ಹೊಲಕ್ಕೆ ಕಾಲಿಟ್ಟ ಕೂಡಲೇ ಉಳಿದ ಸರ್ವೇಯರುಗಳೆಲ್ಲ ನೆಲ ನೋಡಿದರೆ ಮೆಹಬೂಬಸಾಬರು ಮುಗಿಲು ನೋಡುತ್ತಿದ್ದರು. ಬಲಗೈ ಚಾಚಿ, ಮುಷ್ಟಿ ಬಿಗಿದು, ಅದನ್ನು ದೂರದ ದಿಗಂತದ ಮೇಲೆ ಕೂಡಿಸಿ ಒಂದು ಕಣ್ಣು ಮುಚ್ಚುವರು. "ಒಂದ್ ಮುಷ್ಟಿ ಅಂದ್ರ ಹತ್ತು ಡಿಗ್ರಿ. ಒಂದೂವರಿ ಮುಷ್ಟಿಗಿಂತ ಕೆಳಗಿರೂ ಉಪಗ್ರಹದ ಮಾತು ಕೇಳಬ್ಯಾಡ ಬೇಟಾ" ಎನ್ನುವರು. ಹೊಲದವರು ಇವರು ಮಳೆ ನೋಡುತ್ತಿದ್ದಾರೆಂದು ತಿಳಿದು ತಾವೂ ತಲೆಯೆತ್ತಿ ನಿಲ್ಲುತ್ತಿದ್ದರು.

ಯಾದಗಿರಿಯಲ್ಲಿ ನಾನು ಸರ್ವೇಯರಾಗಿ ಸೇರಿದಾಗ ಕೆಲಸ ಕಲಿಸಿದವರು ಅವರು. ಮೂವತ್ತು ವರ್ಷ ಅಳತೆಯ ಸರಪಳಿ ಹಿಡಿದು ತಿರುಗಿದ ಮನುಷ್ಯ. ಉಪಗ್ರಹಗಳ ಸಂಕೇತ ಹಿಡಿದು ಜಾಗ ತೋರಿಸುವ ಯಂತ್ರ ಕೈಗೆ ಬಂದಾಗ ಹುಡುಗರಿಗಿಂತ ಮೊದಲು ಕಲಿತರು. ಕೋಲಿನ ತುದಿಗೆ ಟೋಪಿಯಂತೆ ಕೂಡುವ ಅದಕ್ಕೆ 'ಮುನ್ಶಿ', ಅಂದರೆ ಗುಮಾಸ್ತ, ಎಂದು ಹೆಸರಿಟ್ಟಿದ್ದರು. "ಮುನ್ಶಿ ಕೇಳಿದ್ದೆಲ್ಲ ಬರಕೋತಾನ. ಖರೇನೋ ಸುಳ್ಳೋ ನಾವ ನೋಡಬೇಕು." ತಮ್ಮ ಪೆದ್ದುತನವನ್ನೂ ಮುಚ್ಚಿಡುತ್ತಿರಲಿಲ್ಲ: "ಕೊಡೇಕಲ್ ಕಡಿ ಒಮ್ಮೆ ಭಾಳ ಶ್ಯಾಣ್ಯಾ ಆಗಾಕ ಹೋಗಿ ನಲವತ್ತು ಡಿಗ್ರಿಗಿಂತ ಕೆಳಗಿನ ಉಪಗ್ರಹ ಬ್ಯಾಡಂತ ಮಿತಿ ಇಟ್ಟೆ. ನೆತ್ತಿ ಮ್ಯಾಲ ಮೂರ ಉಪಗ್ರಹ ಉಳದ್ವು, ಅಷ್ಟು ಸಾಲಂಗಿಲ್ಲ. ಮಧ್ಯಾಹ್ನತನಾ ಕೋಲ ಹಿಡಕೊಂಡು ನಿಂತೆ, ಮುನ್ಶಿ ಬಾಯಿ ಬಿಡಲಿಲ್ಲ!"

ಶಹಾಪುರದ ಬೆಟ್ಟದ ಬುಡದ ಒಂದು ಹೊಲಕ್ಕೆ ನಾನೊಬ್ಬಳೇ ಅಳತೆಗೆ ಹೋಗಿದ್ದೆ. ಈರಮ್ಮನಿಗೂ ಪಕ್ಕದ ಹೊಲದ ಬಸಣ್ಣನಿಗೂ ಗಡಿಯ ತಕರಾರು. ಗಡಿಯ ಅಂಚಿನಲ್ಲೇ ಈರಮ್ಮನ ಬೋರು. ಪಶ್ಚಿಮದ ಮುಗಿಲನ್ನು ಬೆಟ್ಟ ಮರೆಮಾಡಿತ್ತು. ಯಂತ್ರದ ಅಂಕಿ ನಿಲ್ಲುತ್ತಲೇ ಇರಲಿಲ್ಲ. ಬಿಸಿಲಿಗೆ ಬೇಸತ್ತು, ಇನ್ನಷ್ಟು ಉಪಗ್ರಹ ಸಿಗಲೆಂದು ಎತ್ತರದ ಮಿತಿಯನ್ನು ಹದಿನೈದರಿಂದ ಐದು ಡಿಗ್ರಿಗೆ ಇಳಿಸಿದೆ. ಅಂಕಿ ನಿಂತಿತು. ಸುಣ್ಣದ ಗೆರೆ ಹಾಕಿಸಿದೆ. ಬೋರು ಬಸಣ್ಣನ ಹೊಲದೊಳಗೆ ಎರಡು ಹೆಜ್ಜೆ ಹೋಗಿತ್ತು.

ಈರಮ್ಮ ಅಳಲಿಲ್ಲ, ಜಗಳಾಡಲಿಲ್ಲ. ಬೋರಿನ ಪೈಪಿನ ಮೇಲೆ ಕೈಯಿಟ್ಟು, "ನಮ್ಮ ಯಜಮಾನ್ರು ಹೆಜ್ಜಿ ಎಣಿಸಿ ಹಾಕ್ಸ್ಯಾರ ತಂಗಿ. ಇನ್ನೊಮ್ಮೆ ನೋಡ್ರಿ" ಎಂದಳು. ಅವಳ ಹೊಲಕ್ಕೆ ಬೇರೆ ನೀರಿರಲಿಲ್ಲ. ಮೆಹಬೂಬಸಾಬರಿಗೆ ಫೋನು ಮಾಡಿದೆ.

ಎರಡು ತಾಸಿಗೆ ಬೈಕಿನಲ್ಲಿ ಬಂದರು. ಯಂತ್ರದಲ್ಲಿ ಮಿತಿ ನೋಡಿದರು, ಬೆಟ್ಟ ನೋಡಿದರು. ನನ್ನನ್ನು ಬದಿಗೆ ಕರೆದು, "ಮೂಡಣದ ಅಂಚಿನ ಉಪಗ್ರಹದ ಸುದ್ದಿ ಗುಡ್ಡಕ್ಕ ಬಡದು ತಿರುಗಿ ಬಂದದ. ಮುನ್ಶಿ ಅದನ್ನೂ ಬರಕೊಂಡಾನ" ಎಂದರು. ಆಮೇಲೆ ದನಿ ಇನ್ನೂ ತಗ್ಗಿಸಿ, "ಗಡಿಕಲ್ಲು ಇನ್ನಾ ಹೂಳಿಲ್ಲಲ್ಲ. ಯಂತ್ರ ಕೆಟ್ಟಿತ್ತಂತ ನಾ ಹೇಳಿಬಿಡ್ತೀನಿ, ನೀ ಸುಮ್ನಿರು" ಎಂದರು.

ಯಾಕೋ ನನಗೆ ಸುಮ್ಮನಿರಲಾಗಲಿಲ್ಲ. ಇಬ್ಬರ ಮುಂದೆಯೂ ನಿಂತು ಹೇಳಿದೆ: "ಯಂತ್ರ ಕೆಟ್ಟಿಲ್ರಿ. ಅವಸರ ಮಾಡಿ ನಾನ ತಪ್ಪು ಮಾಡೀನಿ."

ಬಸಣ್ಣ ಸಿಡಿದ. "ಗೆರಿ ಹಾಕಿದ ಮ್ಯಾಲ ಅಳಸ್ತೀರೇನ್ರಿ? ಇದ್ಯಾವ ನ್ಯಾಯ?"

ಮೆಹಬೂಬಸಾಬರು ವಾದಕ್ಕಿಳಿಯದೆ ಕೋಲನ್ನು ಅವನ ಕೈಗೇ ಕೊಟ್ಟರು. "ತಗೊಳ್ರಿ, ನೀವ ಹಿಡೀರಿ." ಇಬ್ಬರೂ ಒಪ್ಪಿದ ಹಳೆಯ ಬಾಂದುಕಲ್ಲಿನ ಮೇಲೆ ಅವನನ್ನು ನಿಲ್ಲಿಸಿದರು. ಐದು ಡಿಗ್ರಿಯ ಮಿತಿಯಲ್ಲಿ ಯಂತ್ರ ಆ ಕಲ್ಲನ್ನೇ ನಕ್ಷೆಯಲ್ಲಿದ್ದ ಜಾಗಕ್ಕಿಂತ ಎರಡು ಹೆಜ್ಜೆ ಆಚೆ ತೋರಿಸಿತು. ಆಮೇಲೆ ಮಿತಿಯನ್ನು ಹದಿನೈದಕ್ಕೆ ಏರಿಸಿದರು. ಉಪಗ್ರಹಗಳು ಸಾಲಲಿಲ್ಲ. "ಮ್ಯಾಲ ಏರಿ ಬರಲಿ, ಕೂಡ್ರಿ" ಎಂದು ಬೇವಿನ ನೆರಳಿಗೆ ಕರೆದರು. ಈರಮ್ಮ ಬುತ್ತಿ ಬಿಚ್ಚಿ ರೊಟ್ಟಿ ಹಂಚಿದಳು. ಬಸಣ್ಣನಿಗೂ ಕೊಟ್ಟಳು. ಅವನು ಬೇರೆ ಕಡೆ ಮುಖ ಮಾಡಿ ತಿಂದ.

ತಾಸಿನ ಮೇಲೆ ಅಂಕಿ ನಿಂತಿತು. ಬಾಂದುಕಲ್ಲು ನಕ್ಷೆಯ ಜಾಗದಲ್ಲೇ ಇತ್ತು. ಮೂರು ಸಲ ನೋಡಿದರೂ ಅದೇ. ಅಲ್ಲಿಂದ ಗಡಿ ಅಳೆದಾಗ ಬೋರು ಈರಮ್ಮನ ಹೊಲದಲ್ಲೇ ಉಳಿಯಿತು. ಬಸಣ್ಣ ನನ್ನ ಸುಣ್ಣದ ಗೆರೆಯನ್ನು ಕಾಲಿನಿಂದ ತಾನೇ ಉಜ್ಜಿ, "ಖರೇ ಅದ ಬಿಡ್ರಿ" ಎಂದ. ನಾನು ಎರೆಮಣ್ಣಿನ ಮೇಲೆ ಕುಸಿದು ಕೂತು ಹುಚ್ಚಿಯಂತೆ ನಕ್ಕೆ. ಈರಮ್ಮ ನನಗೆ ನೀರು ಕುಡಿಸಿದಳು.

ನಿವೃತ್ತಿಯಾದ ಮೇಲೆ ಮೆಹಬೂಬಸಾಬರು ಗುರುಮಠಕಲ್‌ನ ಮಗಳ ಮನೆಗೆ ಹೊರಟರು. ಯಾದಗಿರಿ ಬಸ್‌ಸ್ಟ್ಯಾಂಡಿಗೆ ಬೀಳ್ಕೊಡಲು ಹೋಗಿದ್ದೆ. ಅವರನ್ನು ನಾನು ನೋಡಿದ್ದು ಅದೇ ಕೊನೆ.

"ಒಂದ್ ಮಾತು ಹೇಳಬೇಕು ಬೇಟಾ" ಎಂದರು. "ಸರಪಳಿ ಕಾಲದಾಗ ಸುರಪುರದ ಕಡಿ ಒಂದ್ ಗಡಿಕಲ್ಲು ತಪ್ಪು ಹೂಳಿದ್ದೆ. ಆಮ್ಯಾಲ ಗೊತ್ತಾತು, ಹೇಳಾಕ ಬಾಯಿ ಬರಲಿಲ್ಲ. ಇಪ್ಪತ್ತು ವರ್ಷ ಆ ಹಾದಿ ಹಿಡಿದಿಲ್ಲ ನಾ. ಶಹಾಪುರದಾಗ ನೀ ಮಂದಿ ಮುಂದ ನಿಂತು ಹೇಳಿದ್ದು ನೋಡಿದ್ನಲ್ಲ... ಹೋದ ವಾರ ಹೋಗಿ ಆ ಹೊಲದವರಿಗೆ ಹೇಳಿ ಬಂದೆ."

"ಅವ್ರು ಏನಂದ್ರು, ಸಾಹೇಬ್ರ?"

"ಬೈದ್ರು. ಬೈಬೇಕಲ್ಲ. ಆಮ್ಯಾಲ ಹೊಸ ಅಳತಿ ಮಾಡಸ್ತೀವಿ ಅಂದ್ರು. ಚಾ ಕುಡಿಸಿ ಕಳಿಸಿದ್ರು."

ಬಸ್ಸು ಹತ್ತಿ ಕಿಟಕಿಯ ಬಳಿ ಕೂತರು. ಚಾಲಕ ಬರುವಷ್ಟರಲ್ಲಿ ನಾನು ಎರಡು ಬಾಳೆಹಣ್ಣು ತಂದೆ. ಅಷ್ಟರಲ್ಲೇ ಕಿಟಕಿಯ ಸರಳಿಗೆ ತಲೆಯಾನಿಸಿ, ಬಾಯಿ ತುಸು ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ, ಆ ಗದ್ದಲದ ನಡುವೆಯೇ ಗಾಢ ನಿದ್ದೆಗೆ ಜಾರಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ.