ತೀರ್ಥ ಬಿದ್ದ ಮೋಟಾರು

ಹೊಸನಗರದ ಅಕ್ಕಿ ಗಿರಣಿಗೆ ಕರೆಂಟು ಬಂದ ವರ್ಷ ಮೋಟಾರು ಕೂರಿಸಲು ಸಾಗರದಿಂದ ಒಬ್ಬ ಫಿಟ್ಟರು ಬಂದಿದ್ದರು. ನಾನಾಗ ಅಲ್ಲಿ ಗುಮಾಸ್ತ. ಅವರ ದನಿ ಏರಿದ್ದನ್ನು ನಾನು ಕೇಳಿರಲೇ ಇಲ್ಲ. ಲಾರಿಯಲ್ಲಿ ಮಳೆಗೆ ನೆನೆದು ಬಂದ ಮೋಟಾರಿಗೆ ಗೋಣಿ ಹೊದಿಸಿ, ಒಳಗೆ ದೊಡ್ಡ ಬಲ್ಬು ಉರಿಸಿ, ಮೂರು ದಿನ ಪಕ್ಕದಲ್ಲೇ ಕೂತರು. ಆಗಾಗ ಹಿಂಗೈಯಿಂದ ಅದರ ಬಿಸಿ ನೋಡುತ್ತಿದ್ದರು. ಒಳಗೆ ಪಸೆ ಉಳಿದರೆ ಕರೆಂಟು ಹೊರಗಿನ ಕಬ್ಬಿಣಕ್ಕೇ ಬರುತ್ತದಂತೆ. ಯಾವಾಗ ಶುರು ಎಂದು ಯಾರು ಕೇಳಿದರೂ ಒಂದೇ ಉತ್ತರ: "ಒಣಗ್ಲಿ ಮಾರಾಯ್ರೆ, ಒಣಗ್ಲಿ."

ನಾಲ್ಕನೇ ದಿನ ಪೂಜೆ. ಫಿಟ್ಟರು ಕೈಕಾಲು ತೊಳೆಯಲು ಬಾವಿಕಟ್ಟೆಗೆ ಹೋಗಿದ್ದರು. ಅಷ್ಟರಲ್ಲಿ ಗಿರಣಿಯ ಯಜಮಾನರು ಭಕ್ತಿ ಉಕ್ಕಿ, ಕಲಶದ ನೀರನ್ನೆಲ್ಲ ಮೋಟಾರಿನ ಮೇಲೆ ಸುರಿದು, ಸ್ವಿಚ್ಚಿಗೆ ಬಲಗೈ ಚಾಚಿದರು.

ಛಟೀರೆಂದು ಸದ್ದಾಯಿತು. ಬಾಗಿಲಿನಿಂದ ಓಡಿಬಂದ ಫಿಟ್ಟರು ಆ ಕೈಗೆ ಬಾರಿಸಿದ್ದರು. ಊರವರೆದುರು, ಯಜಮಾನರ ಕೈಗೆ! ಪುರೋಹಿತರ ಗಂಟೆ ಅರ್ಧಕ್ಕೇ ನಿಂತಿತು.

"ನಂಗೇ ಹೊಡೆದ್ಯಾ?" ಎಂದರು ಯಜಮಾನರು.

ಫಿಟ್ಟರು ಬೆರಳು ಮಾಡಿ ತೋರಿಸಿದರು. ಯಜಮಾನರ ಎಡಗೈ ಇನ್ನೂ ನೀರಿಳಿಯುವ ಮೋಟಾರಿನ ಮೇಲೇ ಇತ್ತು.